ಹೆಂಚಿನ ಮೇಸ್ತ್ರಿಯ ಗಡಿಯಾರ

ಯುದ್ಧದ ವರ್ಷಗಳಲ್ಲಿ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ನಮಗೊಬ್ಬ ಮೇಸ್ತ್ರಿ ಇದ್ದರು. ಅವರ ಜೇಬುಗಡಿಯಾರ ಬೆಳಗ್ಗೆ ಅರ್ಧ ಗಂಟೆ ಮುಂದಿರುತ್ತಿತ್ತು, ಸಂಜೆ ಅರ್ಧ ಗಂಟೆ ಹಿಂದಿರುತ್ತಿತ್ತು. ಆ ಹೆಚ್ಚಿನ ದುಡಿಮೆಗೆ ಕೂಲಿಯಿಲ್ಲ. ಕೆಲಸ ಬಿಡುವ ಹೊತ್ತು ಆರು. ಆರು ಗಂಟೆಯ ರೈಲು ಕೂಗಿದೊಡನೆ, ಮೊಲೆಗೂಸನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದ ನಮ್ಮ ಅಕ್ಕ ಕೈ ತೊಳೆಯಲು ಏಳುತ್ತಿದ್ದಳು. ಮೇಸ್ತ್ರಿ ಗಡಿಯಾರವನ್ನು ಪಂಚೆಗೆ ಒರೆಸಿ, “ರೈಲು ಇವತ್ತು ಬೇಗ ಬಂದೈತೆ, ಕೆಲ್ಸ ನೋಡಮ್ಮ” ಎನ್ನುತ್ತಿದ್ದರು. ದಿನವೂ ಅದೇ ಮಾತು.

ಒಂದು ಸಂಜೆ ಮಗಳ ಸೀಮಂತಕ್ಕೆಂದು ಅವರೇ ಆ ರೈಲಿಗೆ ಹೊರಡಬೇಕಿತ್ತು. ಮುಳ್ಳು ಹಿಂದಕ್ಕೆ ತಿರುಗಿಸಿದ್ದನ್ನು ಮರೆತು, ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗಲೇ ರೈಲು ಕೂಗಿತು. ಹಣ್ಣಿನ ಬುಟ್ಟಿ ಹಿಡಿದು ಓಡಿದರು. ಬುಟ್ಟಿಯ ಸಮೇತ ವಾಪಸು ಬಂದರು.

ಅಕ್ಕ ಅಚ್ಚಿನಿಂದ ತಲೆಯೆತ್ತದೆ, “ಇವತ್ತೂ ಬೇಗ ಬಂದ್ಬಿಡ್ತಾ, ಮೇಸ್ತ್ರಿ?” ಎಂದಳು.

ಅವರು ಹೋಗಿ ಕೆಲಸ ಬಿಡುವ ಗಂಟೆ ಬಾರಿಸಿದರು. ಅವರ ಗಡಿಯಾರದಲ್ಲಿ ಆಗಿನ್ನೂ ಆರಾಗಿರಲಿಲ್ಲ.