ಸತ್ತವನ ಬುತ್ತಿ

ಕಳೆದ ಭಾನುವಾರ ಭಾಲ್ಕಿಯಲ್ಲಿ ನಮ್ಮ ಕಾಕಾ ಟಿವಿ ಬಂದ್ ಮಾಡಿಬಿಟ್ಟರು. ಅದೂ ಕೊಲೆಗಾರ ಯಾರೆಂದು ಗೊತ್ತಾಗುವ ಮೊದಲೇ. ಕ್ರೈಂ ಸೀರಿಯಲ್ ನೋಡುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಕಾಕಾ ರಿಟೈರ್ಡ್ ಹೆಡ್ ಕಾನ್‌ಸ್ಟೆಬಲ್. ನಾನು ಬೀದರದಿಂದ ಹೋದಾಗಲೆಲ್ಲ ಮಧ್ಯಾಹ್ನ ಊಟ ಮುಗಿಸಿ ಅವರು, ಕಾಕಿ, ನಾನು ಕೂತು ಈ ಸೀರಿಯಲ್ ನೋಡುವುದು ರೂಢಿ. ಕೊಲೆಯ ಕಥೆ, ಆದರೆ ನಗಿಸುತ್ತಲೇ ಹೇಳುತ್ತಾರೆ. ಕಾಕಾ ಅದರಲ್ಲಿ ತಪ್ಪು ಹುಡುಕುತ್ತಾರೆ. ("ಬರಿಗೈಲೆ ಚಾಕು ಮುಟ್ಟಿದ ನೋಡು, ಸಸ್ಪೆಂಡ್ ಮಾಡಬೇಕು ಇವನ್ನ.")

ಅವತ್ತಿನ ಎಪಿಸೋಡಿನಲ್ಲಿ ಹೆಣ ಕಾಯಲು ಬಿಟ್ಟ ಡೊಳ್ಳುಹೊಟ್ಟೆಯ ಪೇದೆ ಅದರ ಪಕ್ಕದಲ್ಲೇ ಟಿಫಿನ್ ಡಬ್ಬಿ ಬಿಚ್ಚಿದ. ನಾನೂ ಕಾಕಿಯೂ ಬಿದ್ದು ಬಿದ್ದು ನಕ್ಕೆವು. ಟಿವಿ ಬಂದ್ ಆದದ್ದು ಆಗಲೇ.

"ನಾನೂ ಹಂಗೇ ಉಂಡೀನಿ," ಅಂದರು ಕಾಕಾ.

ಹಳೆಯ ಮಾತು. ಆಗ ಅವರು ಔರಾದ ಕಡೆಯ ಒಂದು ಠಾಣೆಯಲ್ಲಿ ಹೊಸ ಪೇದೆ. ಹೊಲದ ಬದುವಿನಲ್ಲಿ ಕುರಿ ಕಾಯುವವನೊಬ್ಬ ಸತ್ತು ಬಿದ್ದಿದ್ದ. ಮುಂಜಾನೆಯೇ ಕಾಕಾರನ್ನು ಕಾವಲಿಗೆ ಕೂರಿಸಿದರು. ಸಾಹೇಬರು ಬರುವುದು ಮಧ್ಯಾಹ್ನದ ಮೇಲೆ. ಊರಿನವರು ದೂರ ನಿಂತಿದ್ದರು. ಹತ್ತಿರ ಕೂತವಳು ಸತ್ತವನ ಹೆಂಡತಿ ಒಬ್ಬಳೇ.

ಬಿಸಿಲೇರಿತು. ಚಹಾ ಕೂಡ ಕುಡಿಯದೆ ಬಂದಿದ್ದ ಕಾಕಾ ತಲೆ ತಿರುಗಿ ಕಲ್ಲಿನ ಮೇಲೆ ಕುಸಿದರು. ಅಳುತ್ತಿದ್ದ ಹೆಂಗಸು ಎದ್ದು, ಗಂಡ ಅರ್ಧ ಉಂಡು ಬಿಟ್ಟಿದ್ದ ಬುತ್ತಿಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ (ಚಟ್ನಿಪುಡಿ) ಉಳಿದಿತ್ತು.

"ತಿನ್ರಿ ಅಣ್ಣಾ. ನಿಮ್ಮವ್ವ ನಿಮ್ಮನ್ನ ಉಪಾಸ ಕುಂದರಲಿಕ್ಕ ಹಡದಿಲ್ಲ."

ಕಾಕಾ ತಿಂದರು.

ಸಾಹೇಬರು ಬಂದದ್ದೇ ಸತ್ತವನ ಅಣ್ಣ ಮುಂದೆ ಬಂದ. "ಇಕಿಗೂ ಅವಗೂ ದಿನಾ ಜಗಳ ಇತ್ರಿ. ರೊಟ್ಟಿನಾಗ ಏನೋ ಹಾಕ್ಯಾಳ."

ನೋಡಿದರೆ ಬುತ್ತಿಬಟ್ಟೆ ಖಾಲಿ. ಸಾಹೇಬರು ಹೆಂಗಸಿನ ಕಡೆ ತಿರುಗಿದರು. "ಉಳದ ರೊಟ್ಟಿ ಎಲ್ಲಿ ಒಗದಿ?"

ಅವಳು ನೆಲ ನೋಡಿದಳು. ಕಾಕಾರತ್ತ ಬೆರಳು ಮಾಡಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿದರೆ ನೌಕರಿಗೆ ಸಂಚಕಾರ. ಹೇಳದಿದ್ದರೆ ಅವಳಿಗೆ ಬೇಡಿ. (ರೊಟ್ಟಿಯಲ್ಲಿ ನಿಜಕ್ಕೂ ವಿಷವಿದ್ದರೆ ನೌಕರಿಯ ಚಿಂತೆಯೇ ಇಲ್ಲ.)

"ಸರ್, ಅವು ನನ್ನ ಹೊಟ್ಟ್ಯಾಗ ಅವರಿ," ಅಂದರು ಕಾಕಾ.

ಸಾಹೇಬರು ಮರವೊಂದರತ್ತ ಕೈ ತೋರಿಸಿದರು. "ಕೂಡು ಅಲ್ಲಿ. ಸಾಯ್ತಿಯೋ ಬದುಕ್ತಿಯೋ ನೋಡೋಣು."

ಕಾಕಾ ಜಾಲಿ ಮರದ ಕೆಳಗೆ ಕೂತರು. ಊರಿನವರೆಲ್ಲ ಹೆಣ ಬಿಟ್ಟು ಇವರನ್ನೇ ನೋಡತೊಡಗಿದರು. ಮುದುಕನೊಬ್ಬ ಹತ್ತಿರ ಬಂದು, "ಹೊಟ್ಟಿ ನೋಯ್ತದೇನ್ರಿ?" ಎಂದು ವಿಚಾರಿಸಿ ಹೋದ. ನೋಯುತ್ತಿದ್ದದ್ದು ನಿಜವಂತೆ. ರೊಟ್ಟಿಗೋ, ಹೆದರಿಕೆಗೋ ಯಾರಿಗೆ ಗೊತ್ತು? ಆ ಹೆಂಗಸು ಮಾತ್ರ ರೆಪ್ಪೆ ಮಿಟುಕಿಸದೆ ಇವರ ಮುಖ ನೋಡುತ್ತಿದ್ದಳು. ಇವರು ಬದುಕಿದರೆ ಅವಳೂ ಬದುಕಿದಳು.

ಸಂಜೆ ಡಾಕ್ಟರು ಸತ್ತವನ ಹಿಮ್ಮಡಿಯಲ್ಲಿ ಹಾವು ಕಚ್ಚಿದ ಗುರುತು ತೋರಿಸಿದರು. ಕಾಕಾ ಎದ್ದು ನಿಂತರು. ಅವಳು ಆಗ ಗಂಡನಿಗಾಗಿ ಅಳಲು ಶುರುಮಾಡಿದಳು, ಮತ್ತೆ ಮೊದಲಿನಿಂದ.

"ಇಷ್ಟು ವರ್ಷ ನನಗ ಯಾಕ ಹೇಳಿಲ್ರಿ?" ಕಾಕಿ ಮೆಲ್ಲಗೆ ಕೇಳಿದರು.

"ಹೇಳೋದೇನದ? ಹಸಿದಿದ್ದೆ, ಉಂಡೆ. ಖರೆ ಆಕಿ ನನ್ನ ಹೆಸರು ಹೇಳದೆ ಸುಮ್ಮ ಕುಂತಳಲ್ಲ, ಅದು ಇನ್ನೂ ಅರಗಿಲ್ಲ."

ಕಾಕಿ ಎದ್ದು ಚಹಾಕ್ಕಿಟ್ಟರು. ಟಿವಿಯನ್ನು ಮತ್ತೆ ಯಾರೂ ಹಾಕಲಿಲ್ಲ.

ಸಾಕ್ಷ್ಯ ತಿಂದದ್ದಕ್ಕೆ ಕಾಕಾಗೆ ಮೆಮೊ ಬಂತಂತೆ. ತಪ್ಪು ತಪ್ಪೇ, ಒಪ್ಪೋಣ. ಗಂಡನ ಹೆಣದ ಪಕ್ಕ ಕೂತವಳನ್ನು ಕೊಲೆಗಾತಿ ಎಂದವನಿಗೆ ಯಾವ ಮೆಮೊ ಹೋಯಿತು?