ಇಬ್ಬರಿಗೂ ಒಂದೇ ಬೆಲ್ಟು

ಪೆರೇಸಂದ್ರದಲ್ಲಿ ನಾಮಕರಣವೊಂದನ್ನು ಮುಗಿಸಿಕೊಂಡು ಶಿಡ್ಲಘಟ್ಟಕ್ಕೆ ಮರಳುತ್ತಿದ್ದೆವು. ಕಾರು ಓಡಿಸುತ್ತಿದ್ದವನು ನನ್ನ ಅಣ್ಣನ ಮಗ. ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ನಾನೊಬ್ಬಳೇ. ಅವರ ಮೂರು ವರ್ಷದ ಮಗಳು ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದಿದ್ದಳು. ನಮ್ಮ ಕಡೆ ಇದೂ ಒಂದು ಮುದ್ದು. ಮಗು ಹಟ ಹಿಡಿದರೆ ಸ್ಟೇರಿಂಗ್ ಕೈಗೆ ಕೊಡುತ್ತಾರೆ.

ಚಿಕ್ಕಬಳ್ಳಾಪುರದ ಹತ್ತಿರ ಪೊಲೀಸರು ಬ್ಯಾರಿಕೇಡ್ ಇಟ್ಟು ಸೀಟ್ ಬೆಲ್ಟ್ ತಪಾಸಣೆ ಮಾಡುತ್ತಿದ್ದರು. ಅದನ್ನು ದೂರದಿಂದಲೇ ನೋಡಿ ನಮ್ಮ ಹುಡುಗ ಬೆಲ್ಟ್ ಎಳೆದು ಸಿಕ್ಕಿಸಿಕೊಂಡ. ಮಗುವನ್ನು ಇಳಿಸಲಿಲ್ಲ, ಅವಳ ಎದೆಯ ಮೇಲಿಂದಲೇ ಎಳೆದ. ಒಂದೇ ಪಟ್ಟಿಯೊಳಗೆ ಅಪ್ಪ, ಮಗಳು. ಕಾರು ಎಲ್ಲಾದರೂ ಗುದ್ದಿದರೆ ಹಿಂದಿನಿಂದ ಅಪ್ಪನ ಭಾರವೆಲ್ಲ ಅವಳ ಮೇಲೆ, ಮುಂದೆ ಸ್ಟೇರಿಂಗ್.

ಕಾನ್‌ಸ್ಟೆಬಲ್ ಬಗ್ಗಿ ನೋಡಿದ. ಬೆಲ್ಟ್ ಕಂಡಿತು. ಮುಖ ಅರಳಿತು.

"ಏನ್ ಡ್ರೈವರಮ್ಮ, ಲೈಸೆನ್ಸ್ ಎಲ್ಲಿ? ತೋರ್ಸು!"

ಮಗು ಕಿಲಕಿಲ ನಕ್ಕಿತು. ನಾನು ಕೇಳಿದೆ: "ಸಾರ್, ಮಗುನ ಹಂಗೆ ಕೂರಿಸ್ಕೊಂಡು ಓಡಿಸ್ಬೋದಾ? ಅದಕ್ಕೆ ಬೇರೆ ಸೀಟ್ ಇರ್ಬೇಕು ಅಂತ ಕಾನೂನಿಲ್ವಾ?"

ಅವನ ಕಣ್ಣು ನನ್ನ ಬೆಲ್ಟಿನ ಮೇಲೆ ಬಿತ್ತು. "ಅಜ್ಜಿ ಹಿಂದ್ಗಡೆನೂ ಬೆಲ್ಟ್ ಹಾಕ್ಕೊಂಡವ್ರೆ ನೋಡ್ರಪ್ಪಾ! ವಿಮಾನ ಅನ್ಕೊಂಡ್ರಾ? ಅಪ್ಪನ ತೊಡೆಗಿಂತ ಒಳ್ಳೆ ಸೀಟ್ ಯಾವ್ದಮ್ಮ ಐತೆ? ಹೋಗಿ, ಹೋಗಿ."

ಎಲ್ಲರೂ ನಕ್ಕರು. ನಮ್ಮ ಹಿಂದಿನ ಕಾರಿನಲ್ಲಿ ಒಬ್ಬನೇ ಇದ್ದ. ಬೆಲ್ಟ್ ಹಾಕಿರಲಿಲ್ಲವೆಂದು ಅವನಿಗೆ ದಂಡ. ಕಾನ್‌ಸ್ಟೆಬಲ್ ನಮ್ಮನ್ನು ನೋಡದೆ ಬಿಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ನೋಡಿದ. ನೋಡಿ, ಮೆಚ್ಚಿ, ಕಳಿಸಿದ.

ಶಿಡ್ಲಘಟ್ಟದ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮೊಪೆಡ್ಡೊಂದು ತೋಟದ ದಾರಿಯಿಂದ ಅಡ್ಡ ಬಂತು. ಹುಡುಗ ಬ್ರೇಕ್ ಒತ್ತಿದ. ಕಾರು ಯಾವುದಕ್ಕೂ ತಗಲಲಿಲ್ಲ. ಆದರೆ ಟಕ್ ಎಂಬ ಸದ್ದು ಕೇಳಿತು. ಆ ಸದ್ದು ಮಗುವಿನ ಬಾಯಿ ಸ್ಟೇರಿಂಗಿಗೆ ಬಡಿದದ್ದು. ತುಟಿ ಸೀಳಿ, ಅಪ್ಪನ ಬಿಳಿ ಅಂಗಿಯ ತೋಳಿನ ತುಂಬ ರಕ್ತವಾಯಿತು.

ಅವನ ಬಾಯಿಂದ ಬಂದ ಮೊದಲ ಮಾತು: "ಪೊಲೀಸ್ನೋರೇ ಏನೂ ಅನ್ಲಿಲ್ಲ ಅಲ್ವಾ ಅತ್ತೆ?"

ನಾನು ಬೆಲ್ಟ್ ಬಿಚ್ಚಿದೆ. ಇಳಿದು ಮುಂದಿನ ಬಾಗಿಲು ತೆಗೆದೆ. "ಕೊಡೋ ಮಗುನ."

ತುಟಿ ಒರೆಸಿ, ಹಿಂದೆ ನನ್ನ ಪಕ್ಕ ಕೂರಿಸಿ ಬೆಲ್ಟ್ ಹಾಕಿದೆ. ಅದೂ ಸರಿಯಾದದ್ದಲ್ಲ; ದೊಡ್ಡವರ ಪಟ್ಟಿ ಅವಳ ಕುತ್ತಿಗೆಗೆ ಬರುತ್ತಿತ್ತು. ಮಕ್ಕಳ ಸೀಟು ಬೇಕಿತ್ತು, ಇರಲಿಲ್ಲ. ಅವಳು ಸ್ಟೇರಿಂಗಿಗಾಗಿ ಕೈ ಚಾಚಿ ಚೀರತೊಡಗಿದಳು.

"ಅಳ್ತಾಳೆ ಅತ್ತೆಮ್ಮ, ಈಚೆಗೆ ಕೊಡಿ," ಎಂದಳು ತಾಯಿ.

"ಅಳ್ಲಿ ಕಣೇ."

ಮನೆ ಬರುವವರೆಗೂ ಅತ್ತಳು. ಬಕಲ್ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ.