ಅಯಸ್ಕಾಂತದ ಬಾಗಿಲಲ್ಲಿ ಪಾಟೀಸವಾಲು

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಹತ್ತೊಂಬತ್ತು ವರ್ಷ ನಿಂತ ಆ ಟೆಕ್ನಿಶಿಯನ್‌ಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಪಾಟೀಸವಾಲಣ್ಣ. ಕೋರ್ಟಿನ ವಕೀಲರೂ ಅಷ್ಟು ಪ್ರಶ್ನೆ ಕೇಳಲಾರರು. ಒಳಗಿರುವ ಯಂತ್ರ ದೊಡ್ಡ ಅಯಸ್ಕಾಂತ. ಸ್ಕ್ಯಾನ್ ಮುಗಿದರೂ ಅದರ ಸೆಳೆತ ಆರುವುದಿಲ್ಲ. ಕಬ್ಬಿಣ ಜೇಬಿನಲ್ಲಿದೆಯೋ ಮೈಯೊಳಗಿದೆಯೋ ಎಂದು ಅದು ವಿಚಾರಿಸುವುದಿಲ್ಲ. ವಿಚಾರಿಸುವ ಕೆಲಸ ಅಣ್ಣನದು. ಇಪ್ಪತ್ತೆರಡು ಪ್ರಶ್ನೆಗಳ ಫಾರಂ ಕೊಡುತ್ತಿದ್ದ, ತುಂಬಿದ ಮೇಲೆ ಅದನ್ನೇ ಬಾಯಲ್ಲಿ ಕೇಳುತ್ತಿದ್ದ, ಬಟ್ಟೆ ಬದಲಿಸಿ ಬಂದ ಮೇಲೆ ಮತ್ತೆ ಕೇಳುತ್ತಿದ್ದ.

ಕೇಳುವುದೇನೋ ಸರಿಯೇ. ಆದರೆ ಕೇಳುವ ಧಾಟಿ ಇತ್ತಲ್ಲ, ಅದನ್ನು ಸಹಿಸಿಕೊಂಡವರಿಗೆ ಆಮೇಲೆ ಒಳಗಿನ ಢಬಢಬ ಸದ್ದು ಜೋಗುಳದಂತೆ ಕೇಳಿಸುತ್ತಿತ್ತು. ಒಮ್ಮೆ ನಿವೃತ್ತ ಹೆಡ್ಮಿಸ್ಸೊಬ್ಬರ ತುರುಬಿನಲ್ಲಿ ಪಿನ್ನು ಸಿಕ್ಕಿತು. "ಮೇಡಂ, ಜೀವಮಾನವೆಲ್ಲ ಮಕ್ಕಳಿಗೆ ಪ್ರಶ್ನೆ ಓದಿ ಉತ್ತರ ಬರೀರಿ ಅಂದಿರಲ್ಲ, ನೀವು ಓದಿದ್ದೇನು?" ಎಂದು ಸಾಲಿನಲ್ಲಿ ಕೂತಿದ್ದವರೆದುರು ಕೇಳಿದ. ಆಕೆ ಕಣ್ಣೊರೆಸಿಕೊಂಡರು. ಅಣ್ಣನಿಗೆ ಅಂದು ಊಟ ಬಹಳ ರುಚಿಸಿತು. "ಓದದೆ ಟಿಕ್ ಹೊಡೆಯೋರು ಸ್ಮಶಾನದ ಅರ್ಜಿಗೂ ಟಿಕ್ ಹೊಡೀತಾರೆ" ಎನ್ನುವುದು ಅವನ ಸ್ವಂತ ಗಾದೆ.

ಇಂಥ ಅಣ್ಣನಿಗೆ ನಾಲ್ಕು ತಿಂಗಳಿಂದ ಬಿಡದ ತಲೆನೋವು. ನರರೋಗದ ಡಾಕ್ಟರು ಮೆದುಳಿನ ಎಂ.ಆರ್.ಐ. ಬರೆದುಕೊಟ್ಟರು. ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ತನ್ನದೇ ಬಾಗಿಲಿಗೆ ರೋಗಿಯಾಗಿ ಬಂದ. ಅಂದಿನ ಪಾಳಿಯ ಟೆಕ್ನಿಶಿಯನ್ ಅಣ್ಣನ ಕೈಯಲ್ಲೇ ಪಳಗಿದವನು. ಫಾರಂ ಹಿಡಿದು ಹಲ್ಲು ಕಿರಿದ.

"ನಿಮ್ಮನ್ನೂ ಕೇಳ್ಬೇಕಾ ಅಣ್ಣ?"

"ಕೊಡಯ್ಯ. ನಿಯಮ ಅಂದ್ರೆ ನಿಯಮ."

ಕೊಟ್ಟ. ಅಣ್ಣ 'ಇಲ್ಲ' ಎಂಬ ಸಾಲಿನಲ್ಲಿ ಮೇಲಿಂದ ಕೆಳಗೆ ಇಪ್ಪತ್ತೆರಡು ಟಿಕ್ ಹೊಡೆದ. ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಗುರುವಿಗೆ ಬಾಯಿಪಾಠ ಒಪ್ಪಿಸೆಂದು ಹೇಳುವ ಧೈರ್ಯ ಶಿಷ್ಯನಿಗೆಲ್ಲಿಂದ ಬರಬೇಕು? ಮುಂದಿನ ಎರಡು ಸುತ್ತು ಹಾಗೇ ಬಿಟ್ಟುಹೋದವು. ಅಣ್ಣ ಆಸ್ಪತ್ರೆಯ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಬಾಗಿಲ ಕಡೆ ನಡೆದ.

ಹೊರಗಿನ ಬೆಂಚಿನಲ್ಲಿ ಕೂತ ಹೆಂಡತಿಗೆ ಹೊತ್ತು ಹೋಗಲಿಲ್ಲ. ಪಕ್ಕದಲ್ಲಿದ್ದ ಫಾರಂ ಎತ್ತಿಕೊಂಡು ಓದತೊಡಗಿದಳು. ಒಂಬತ್ತನೆಯ ಪ್ರಶ್ನೆಗೆ ಬಂದವಳು ಎದ್ದು ನಿಂತಳು. ಕಣ್ಣಿಗೆ ಎಂದಾದರೂ ಲೋಹದ ಚೂರು ಸಿಡಿದಿತ್ತೇ?

"ರೀ, ನಿಲ್ರೀ! ಇದಕ್ಕೆ ಇಲ್ಲ ಅಂತ ಹಾಕಿದೀರಲ್ಲ? ನಿಮ್ಮಣ್ಣನ ಗ್ರೈಂಡಿಂಗ್ ಶಾಪಲ್ಲಿ ಕಣ್ಣಿಗೆ ಕಬ್ಬಿಣದ ಕಿಡಿ ಹಾರಿದ್ದು?"

"ಅಯ್ಯೋ, ಅದು ಯಾವ ಕಾಲದ್ದು, ಈ ಕೆಲಸಕ್ಕೆ ಸೇರೋಕೂ ಮುಂಚೆ. ತೆಗೆದಾಯ್ತಲ್ಲ."

"ಪೂರ್ತಿ ತೆಗೆದ್ರಾ?"

ಅಣ್ಣ ಬಾಗಿಲ ಹಿಡಿಗೆ ಕೈ ಹಾಕಿದ.

"ಒಂದು ಚೂರು ಒಳಗೇ ಉಳಿದಿರಬಹುದು ಅಂತ ಕಣ್ಣಿನ ಡಾಕ್ಟರು ಅಂದಿದ್ರು ಅಂತ ನೀವೇ ಹೇಳಿದ್ರಿ. ಮದುವೆಯಾದ ಹೊಸತರಲ್ಲಿ ಕಬ್ಬಿಣ ನುಂಗಿದ ಕಣ್ಣು ಅಂತ ಎಷ್ಟು ಕೊಚ್ಕೊಂಡಿಲ್ಲ!"

"ಹತ್ತೊಂಬತ್ತು ವರ್ಷದಿಂದ ಇಲ್ಲಿದೀನಿ. ನನಗೇ ಹೇಳಿಕೊಡೋಕೆ ಬಂದ್ಯಾ?"

"ಬೇರೆಯವರ ತಟ್ಟೇಲಿ ನೊಣ ಹುಡುಕ್ತೀರಿ, ನಿಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದೆ. ಮೊದಲು ಈಚೆ ಬನ್ನಿ."

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ನಗಲಿ ಬಿಡಿ, ಅವರ ಹಕ್ಕು. ಶಿಷ್ಯನಿಗೆ ಮಾತ್ರ ನಗು ಬರಲಿಲ್ಲ. ಬೆವರುತ್ತಾ ಸ್ಕ್ಯಾನ್ ಕೈಬಿಟ್ಟು ಅಣ್ಣನನ್ನು ಕಣ್ಣಿನ ಎಕ್ಸ್‌ರೇಗೆ ಕಳಿಸಿದ.

ಎಕ್ಸ್‌ರೇ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಬಲಗಣ್ಣಿನಲ್ಲಿ ಅರ್ಧ ಎಳ್ಳಿನಷ್ಟು ಬಿಳಿ ಚುಕ್ಕಿ.

"ಅಯಸ್ಕಾಂತದ ಸೆಳೆತಕ್ಕೆ ಇದು ಸ್ವಲ್ಪ ಅಲುಗಾಡಿದ್ರೂ ರಕ್ತ ಬಂದು ಕಣ್ಣೇ ಹೋಗಬಹುದಿತ್ತು. ನಿಮ್ಮ ತಲೆಗೆ ಸಿ.ಟಿ. ಮಾಡಿಸೋಣ. ಆ ಕೋಣೆಗೆ ಮಾತ್ರ ನೀವು ಕಾಲಿಡಬಾರದು."

"ಕಾಲಿಡಬಾರದು ಅಂದ್ರೆ?" ಹೆಂಡತಿ ಕೇಳಿದಳು. "ಇವರು ದಿನಾ ಹೋಗ್ತಾರಲ್ಲ ಸಾರ್?"

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಂತಿತು. ದಿನಕ್ಕೆ ಇಪ್ಪತ್ತು ಸಲವಾದರೂ ಅಣ್ಣ ಒಳಗೆ ಹೋಗುತ್ತಿದ್ದ. ರೋಗಿಯ ತಲೆ ಸರಿಮಾಡಲು ಯಂತ್ರದ ಸುರಂಗದ ಬಾಯಿಗೆ ಮುಖವೊಡ್ಡಿ ಬಗ್ಗುತ್ತಿದ್ದ.

"ಕೆಲಸಕ್ಕೆ ಸೇರೋವಾಗ ನಿಮ್ಮ ಹತ್ರ ಈ ಫಾರಂ ಯಾರು ತುಂಬಿಸ್ಕೊಂಡ್ರು?"

"ಯಾರೂ ಇಲ್ಲ ಸಾರ್" ಎಂದ ಅಣ್ಣ. ದನಿ ಅವನಿಗೇ ಕೇಳಿಸುವಂತಿರಲಿಲ್ಲ. "ಮೊದಲ ದಿನವೇ ಫಾರಂ ಕಟ್ಟು ಕೈಗೆ ಕೊಟ್ಟು, ಹಂಚು ಅಂದ್ರು."

ಅವನಿಗೆ ಹೆದರಿಕೆಯಾಯಿತು. ಬಲಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡ. ಮನೆ ಮುಟ್ಟುವವರೆಗೂ ಆ ಕೈ ತೆಗೆಯಲಿಲ್ಲ. ಇನ್ನೊಂದು ಕೈ ಹಿಡಿದು ಹೆಂಡತಿಯೇ ರಸ್ತೆ ದಾಟಿಸಿದಳು.